ಸಿಂಬ ಊರು ಬಿಟ್ಟದ್ದು ಯಾವಾಗ?

ಡಿಸ್ನಿಯ ‘ದಿ ಲಯನ್ ಕಿಂಗ್’ ಚಿತ್ರದ ಮೊದಮೊದಲ ಕಥಾಕರಡಿನಲ್ಲಿ ಸಿಂಹದ ಮರಿ ಸಿಂಬ ಊರು ಬಿಡುವುದೇ ಇಲ್ಲ. ಸ್ಕಾರ್ ಅವನ ಚಿಕ್ಕಪ್ಪನೂ ಅಲ್ಲ, ಬಬೂನ್ ಕೋತಿಗಳ ಮುಖಂಡ. ರಫೀಕಿ ಒಂದು ಚೀತಾ. ಟಿಮೋನ್, ಪುಂಬಾ ಇಬ್ಬರೂ ಸಿಂಬನ ಬಾಲ್ಯದ ಗೆಳೆಯರು. ಮನೆಯಲ್ಲೇ ಬೆಳೆಯುವ ರಾಜಕುಮಾರ ಸ್ಕಾರನ ಕುಮ್ಮಕ್ಕಿನಿಂದ ಸೋಮಾರಿಯಾಗಿ ಕೆಡುತ್ತಾನೆ. ಪ್ರಾಯಕ್ಕೆ ಬಂದ ಮೇಲೆ ಅವನನ್ನು ಗದ್ದುಗೆಯಿಂದ ಇಳಿಸುವುದು ಸುಲಭವಾಗಲಿ ಎಂಬುದು ಸ್ಕಾರನ ಹಂಚಿಕೆ. 1994ರ ಜೂನ್‌ನಲ್ಲಿ ತೆರೆಗೆ ಬಂದ ಚಿತ್ರದಲ್ಲಿ ನಾವು ಕಂಡ ದೇಶಾಂತರ, ಮರೆವಿನ ವರ್ಷಗಳು, ಮರಳಿ ಬಂದು ಚಿಕ್ಕಪ್ಪನನ್ನು ಎದುರಿಸುವುದು, ಇವೆಲ್ಲ ಆಮೇಲೆ ಸೇರಿದವು. ಮೊದಲ ನಿರ್ದೇಶಕ ಜಾರ್ಜ್ ಸ್ಕ್ರಿಬ್ನರ್ ಹೊರನಡೆದ ಮೇಲೆ ರೋಜರ್ ಆ್ಯಲರ್ಸ್, ರಾಬ್ ಮಿಂಕಾಫ್, ನಿರ್ಮಾಪಕ ಡಾನ್ ಹಾನ್, ಕಥಾ ವಿಭಾಗದ ಮುಖ್ಯಸ್ಥೆ ಬ್ರೆಂಡಾ ಚಾಪ್‌ಮನ್ ಮುಂತಾದವರು ಕೂತು ಕಥೆಯನ್ನು ಬುಡದಿಂದ ಮತ್ತೆ ಕಟ್ಟಿದರು. ಚಿತ್ರಕಥೆ ಕಲಿಸುವ ತರಗತಿಗಳಲ್ಲಿ ‘ನಾಯಕನ ಯಾನ’ ಎಂಬ ಪುರಾಣಮಾದರಿಗೆ ಈ ಚಿತ್ರವನ್ನೂ ಉದಾಹರಣೆಯಾಗಿ ಕೊಡುವುದುಂಟು. ಮನೆ ಬಿಡುವುದು ಆ ಮಾದರಿಯ ಮೊದಲ ಕಂತು. ಆ ಕಂತೇ ಮೊದಲ ಕರಡಿನಲ್ಲಿ ಇರಲಿಲ್ಲ ಎಂದಾದರೆ, ಮಾದರಿಯಿಂದ ಕಥೆ ಹುಟ್ಟಿತು ಎನ್ನುವುದು ಹೇಗೆ? ಕೆಟ್ಟು ನಿಂತ ಕಥೆಯನ್ನು ರಿಪೇರಿ ಮಾಡುವಾಗ ಕೈಗೆ ಸಿಕ್ಕ ಉಪಕರಣ ಅದು. ಅಂಥ ಉಪಕರಣ ಅನಿಮೇಷನ್ ಕಸುಬಿಗೆ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಪುರಾಣಗಳಿಗಿಂತ ಹೆಚ್ಚಾಗಿ ಆ ಕಸುಬಿನ ಚರಿತ್ರೆಯಲ್ಲಿದೆ.

ಮಾದರಿಯನ್ನು ಮುಂದಿಟ್ಟವರು ಅಮೆರಿಕದ ಜೋಸೆಫ್ ಕ್ಯಾಂಬೆಲ್. ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಎಂಬ ಅವರ ಪುಸ್ತಕ 1949ರಲ್ಲಿ ಬಂತು. ಜಗತ್ತಿನ ವೀರಕಥೆಗಳೆಲ್ಲ ಮೂಲದಲ್ಲಿ ಒಂದೇ ಕಥೆ, ಅದಕ್ಕೆ ಹೊರಡುವುದು, ಪಕ್ವವಾಗುವುದು, ಮರಳುವುದು ಎಂಬ ಮೂರು ಭಾಗ, ಒಟ್ಟು 17 ಹಂತ ಎಂಬುದು ಅವರ ವಾದ. ಈ ದಾರಿಯಲ್ಲಿ ಅವರೇ ಮೊದಲಿಗರಲ್ಲ. 1909ರಲ್ಲೇ ಆಟೊ ರ‍್ಯಾಂಕ್ ವೀರರ ಜನ್ಮಕಥೆಗಳನ್ನು ಹೋಲಿಸಿದ್ದರು. 1928ರಲ್ಲಿ ವ್ಲಾದಿಮಿರ್ ಪ್ರೋಪ್ ರಷ್ಯದ ಅದ್ಭುತ ಕಥೆಗಳಲ್ಲಿ 31 ಕಾರ್ಯಗಳನ್ನು ಗುರುತಿಸಿದ್ದರು. 1936ರಲ್ಲಿ ಲಾರ್ಡ್ ರ‍್ಯಾಗ್ಲನ್ ವೀರನ ಬದುಕಿಗೆ 22 ಅಂಶಗಳ ಪಟ್ಟಿ ಕೊಟ್ಟಿದ್ದರು. ಆ ಪಟ್ಟಿಯ ಕೊನೆಯಲ್ಲಿ ವೀರ ರಾಜ್ಯ ಕಳೆದುಕೊಂಡು ವಿಚಿತ್ರ ರೀತಿಯಲ್ಲಿ ಸಾಯುತ್ತಾನೆ, ಮಕ್ಕಳ ಚಿತ್ರಕ್ಕೆ ಒಗ್ಗುವ ಮುಕ್ತಾಯವಲ್ಲ. ಕ್ಯಾಂಬೆಲ್‌ಗೆ ಭಾರತದ ಒಡನಾಟ ಗಾಢವಾಗಿತ್ತು. ಸ್ವಾಮಿ ನಿಖಿಲಾನಂದರು ಶ್ರೀರಾಮಕೃಷ್ಣ ವಚನವೇದವನ್ನು ಇಂಗ್ಲಿಷಿಗೆ ತರುವಾಗ ನೆರವಾದವರಲ್ಲಿ ಅವರೂ ಒಬ್ಬರು. ಭಾರತೀಯ ಕಲೆ, ದರ್ಶನಗಳ ವಿದ್ವಾಂಸ ಹೈನ್ರಿಖ್ ಝಿಮ್ಮರ್ 1943ರಲ್ಲಿ ತೀರಿಕೊಂಡಾಗ ಅವರ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸಿದ್ದೂ ಅವರೇ. ಬೋಧಿವೃಕ್ಷದ ಕೆಳಗಿನ ಬುದ್ಧ ಅವರ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರ ವಾದದಲ್ಲಿ ಒಂದು ಜಾಣ ಉಪಾಯವಿದೆ. ಒಂದು ಹಂತಕ್ಕೆ ಬುದ್ಧನಿಂದ, ಮುಂದಿನದಕ್ಕೆ ಗ್ರೀಕರಿಂದ, ಅದರ ಮುಂದಿನದಕ್ಕೆ ಐರಿಷ್ ಕಥೆಯಿಂದ ಅವರು ಉದಾಹರಣೆ ತರುತ್ತಾರೆ. 17 ಹಂತಗಳನ್ನೂ ಸಾಲಾಗಿ ಹಾದುಹೋಗುವ ಒಂದೇ ಒಂದು ಕಥೆಯನ್ನು ಎದುರಿಗಿಟ್ಟು ತೋರಿಸುವುದಿಲ್ಲ. ಹೀಗೆ ಹೆಕ್ಕಿ ತಂದ ಸಾಕ್ಷ್ಯದಿಂದ ‘ಎಲ್ಲ ಕಥೆಯೂ ಒಂದೇ’ ಎಂದು ಸಿದ್ಧವಾಗುವುದಿಲ್ಲ. ಕಥೆಗಳಲ್ಲಿ ಮೇಲಿಂದ ಮೇಲೆ ಬರುವ ಕೆಲವು ಸನ್ನಿವೇಶಗಳಿವೆ ಎಂದಷ್ಟೇ ಆಗುತ್ತದೆ.

ಇನ್ನು ಕಸುಬಿನ ಕಡೆಗೆ ಬರೋಣ. ನಟರನ್ನಿಟ್ಟು ತೆಗೆಯುವ ಚಿತ್ರದಲ್ಲಿ ನಿರ್ದೇಶಕ ಬೇಕಾದ್ದಕ್ಕಿಂತ ಹೆಚ್ಚು ಚಿತ್ರೀಕರಿಸಿ, ಕಥೆಯ ಎಷ್ಟೋ ತೊಡಕುಗಳನ್ನು ಸಂಕಲನದ ಮೇಜಿನ ಮೇಲೆ ಬಿಡಿಸಿಕೊಳ್ಳಬಹುದು. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಆ ಸವಲತ್ತಿಲ್ಲ. ಸೆಕೆಂಡಿಗೆ 24 ಚೌಕಟ್ಟು; 88 ನಿಮಿಷದ ಚಿತ್ರಕ್ಕೆ ಸುಮಾರು 1.27 ಲಕ್ಷ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿ ಉಳಿತಾಯ ಮಾಡಿದರೂ ಬರೆದದ್ದನ್ನು ಬಿಸಾಡುವುದು ಎಂದರೆ ತಿಂಗಳುಗಟ್ಟಲೆಯ ಸಂಬಳವನ್ನು ಬಿಸಾಡಿದ ಹಾಗೆ. ‘ದಿ ಲಯನ್ ಕಿಂಗ್’ನಲ್ಲಿ ಕಾಡೆಮ್ಮೆಯಂಥ ವಿಲ್ಡ್‌ಬೀಸ್ಟ್‌ಗಳ ಹಿಂಡು ಕಣಿವೆಗೆ ನುಗ್ಗುವ ದೃಶ್ಯ ತೆರೆಯ ಮೇಲೆ ಕೆಲವೇ ನಿಮಿಷ, ಕಂಪ್ಯೂಟರಿನ ನೆರವಿದ್ದೂ ಅದಕ್ಕೆ ಹಿಡಿದದ್ದು ಎರಡು ವರ್ಷದಷ್ಟು ಕಾಲ. ಆದ್ದರಿಂದ ಈ ಕಸುಬಿನಲ್ಲಿ ಸಂಕಲನ ಮೊದಲು, ಚಿತ್ರೀಕರಣ ಆಮೇಲೆ. 1930ರ ದಶಕದ ಆರಂಭದಲ್ಲಿ ಡಿಸ್ನಿ ಸ್ಟುಡಿಯೊದ ವೆಬ್ ಸ್ಮಿತ್ ಬಿಡಿ ಹಾಳೆಗಳ ಮೇಲೆ ಸನ್ನಿವೇಶಗಳನ್ನು ಗೀಚಿ ಗೋಡೆಯ ಹಲಗೆಗೆ ಪಿನ್ನು ಚುಚ್ಚಿದ್ದೇ ಸ್ಟೋರಿಬೋರ್ಡಿನ ಮೊದಲು ಎನ್ನುತ್ತಾರೆ. ಹಾಳೆ ಕಿತ್ತು ಜಾಗ ಬದಲಿಸಬಹುದು, ಬೇಡವಾದದ್ದನ್ನು ಬುಟ್ಟಿಗೆ ಹಾಕಬಹುದು. ಹಲಗೆಯ ಎದುರು ಕಲಾವಿದ ಕಥೆಯನ್ನು ಅಭಿನಯಿಸಿ ಹೇಳಬೇಕು. ಕೂತವರು ನಕ್ಕರೆ ದೃಶ್ಯ ಉಳಿಯುತ್ತದೆ, ಸುಮ್ಮನಿದ್ದರೆ ಹೋಗುತ್ತದೆ. ಕಾಗದದ ಮೇಲೆ ಒಬ್ಬರೇ ಬರೆದ ಚಿತ್ರಕಥೆಗಿಂತ ಗುಂಪು ಕೂತು ಒಡೆದು ಕಟ್ಟಿದ ಕಥೆಯೇ ಇಲ್ಲಿ ಪ್ರಮಾಣ. ಇಂಥ ಗುಂಪಿಗೆ ‘ಇಲ್ಲಿ ಏನೋ ಸರಿಯಿಲ್ಲ’ ಎಂಬುದನ್ನು ಹೇಳಲು ಎಲ್ಲರಿಗೂ ಅರ್ಥವಾಗುವ ಮಾತು ಬೇಕಾಗುತ್ತದೆ.

ಆ ಮಾತು ಇನ್ನೂ ಹುಟ್ಟದ ಕಾಲದಲ್ಲಿ ಕಥಾಕೋಣೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ 1940ರ ‘ಪಿನೋಕಿಯೊ’ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಾರ್ಲೊ ಕೊಲ್ಲೋಡಿ 1881ರಿಂದ ಇಟಲಿಯ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದ ಕಥೆ ಅದು. ಮೊದಲು ಅವರು ಕಥೆ ಮುಗಿಸಿದ್ದು ಮರದ ಗೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿಸುವಲ್ಲಿ. ಓದುಗರ ಒತ್ತಾಯಕ್ಕೆ ಮಣಿದು ಮರುವರ್ಷ ಮುಂದುವರಿಸಿದರು. ಬುದ್ಧಿ ಹೇಳಲು ಬಂದ ಮಾತಾಡುವ ಜೀರುಂಡೆಯನ್ನು ಪಿನೋಕಿಯೊ ನಾಲ್ಕನೆಯ ಅಧ್ಯಾಯದಲ್ಲೇ ಸುತ್ತಿಗೆ ಎಸೆದು ಕೊಲ್ಲುತ್ತಾನೆ. ಸಮುದ್ರದ ದೈತ್ಯಮೀನಿನ ಹೊಟ್ಟೆಯಲ್ಲಿ ಜೆಪೆಟ್ಟೊ ಎರಡು ವರ್ಷ ಕಳೆದಿರುತ್ತಾನೆ. ಉಬ್ಬಸದ ಆ ಮೀನು ಬಾಯಿ ತೆರೆದುಕೊಂಡೇ ಮಲಗುವುದರಿಂದ ತಂದೆಮಗ ನಾಲಗೆಯ ಮೇಲೆ ಹೆಜ್ಜೆಯಿಟ್ಟು ಸದ್ದಿಲ್ಲದೆ ಹೊರಬರುತ್ತಾರೆ. ಗೊಂಬೆ ಹುಡುಗನಾಗುವುದು ಅಲ್ಲೂ ಅಲ್ಲ. ಕಾಯಿಲೆ ಬಿದ್ದ ತಂದೆಗೆ ಹಾಲು ತರಲು ತೋಟದವನ ಬಳಿ ತಿಂಗಳುಗಟ್ಟಲೆ ನೀರೆತ್ತಿ, ಬುಟ್ಟಿ ಹೆಣೆದು, ರಾತ್ರಿ ಓದಿ ಬರೆದು ದುಡಿದ ಮೇಲೆ. ಡಿಸ್ನಿಯವರು ಇದನ್ನೇನು ಮಾಡಿದರು? ನಾಯಕನ ಮೇಲೆ ಪ್ರೀತಿ ಹುಟ್ಟುವುದಿಲ್ಲವೆಂದು ವಾಲ್ಟ್ ಡಿಸ್ನಿ 1938ರಲ್ಲಿ ಕೆಲಸ ನಿಲ್ಲಿಸಿದರು. ಸತ್ತ ಜೀರುಂಡೆ ಬದುಕಿ ಬಂದು ಜಿಮಿನಿ ಕ್ರಿಕೆಟ್ ಎಂಬ ಮಾರ್ಗದರ್ಶಿಯಾಯಿತು. ಮೀನು ತಿಮಿಂಗಿಲವಾಯಿತು, ನಾಲಗೆಯ ಮೇಲಿನ ನಡಿಗೆ ಹೊಗೆ, ಸೀನು, ಬೆನ್ನಟ್ಟುವಿಕೆಯ ಅಬ್ಬರವಾಯಿತು, ತಿಂಗಳುಗಟ್ಟಲೆಯ ದುಡಿಮೆಯ ಜಾಗದಲ್ಲಿ ನೀರಿನಲ್ಲಿ ಬಿದ್ದು ಸಾಯುವುದು, ಮತ್ತೆ ಹುಟ್ಟುವುದು ಬಂತು. ಗುರು, ತಿಮಿಂಗಿಲದ ಹೊಟ್ಟೆ, ಸಾವು, ಪುನರ್ಜನ್ಮ ಎಲ್ಲವೂ ಕ್ಯಾಂಬೆಲ್ ಪುಸ್ತಕದಲ್ಲಿವೆ. ಆದರೆ ಪುಸ್ತಕ ಬಂದದ್ದು ಚಿತ್ರ ತೆರೆಕಂಡ 9 ವರ್ಷಗಳ ಮೇಲೆ.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಮಾದರಿ ಮನುಷ್ಯನ ಮನಸ್ಸಿನಲ್ಲೇ ಇದೆ, ಪುಸ್ತಕ ಓದದೆಯೂ ಡಿಸ್ನಿಯವರು ಅದನ್ನು ಮುಟ್ಟಿದರು ಎನ್ನುವುದು ಕ್ಯಾಂಬೆಲ್ ಅಭಿಮಾನಿಗಳ ಓದು. ಹಾಗಾದರೆ ಕೊಲ್ಲೋಡಿಯ ಮನಸ್ಸಿನಲ್ಲಿ ಅದು ಯಾಕಿರಲಿಲ್ಲ? ಅವರೂ ಮನುಷ್ಯರೇ, ಮೂಲ ಕಥೆ ಅವರದೇ, ಓದುಗರೂ ಮಕ್ಕಳೇ. ವ್ಯತ್ಯಾಸ ಇದ್ದದ್ದು ಮಾಧ್ಯಮದಲ್ಲಿ. ಧಾರಾವಾಹಿಗೆ ವಾರವಾರವೂ ಒಂದು ಹೊಸ ಅವಾಂತರ ಬೇಕು; ನಾಯಕ ಕಲಿತದ್ದನ್ನು ಮರುವಾರ ಮರೆತರೇ ಅನುಕೂಲ. ಒಂದೂವರೆ ಗಂಟೆ ಕತ್ತಲಲ್ಲಿ ಕೂತು ನೋಡುವವರಿಗೆ ಮೊದಲ ರೀಲಿನಲ್ಲೇ ಒಬ್ಬನ ಮೇಲೆ ಅಕ್ಕರೆ ಹುಟ್ಟಬೇಕು, ನಡುವೆ ಅವನ ಮನಸ್ಸಿನಲ್ಲಿರುವುದನ್ನು ಯಾರಾದರೂ ಮಾತಾಡಿಸಿ ಹೊರತೆಗೆಯಬೇಕು, ಕೊನೆಗೆ ದೊಡ್ಡದೊಂದು ಅಪಾಯ ಬೇಕು. ಮಾರ್ಗದರ್ಶಿ ಹುಟ್ಟಿದ್ದು ಈ ಅಗತ್ಯಕ್ಕೆ. ಕ್ಯಾಂಬೆಲ್ ಪಟ್ಟಿಯಲ್ಲಿ ತಿಮಿಂಗಿಲದ ಹೊಟ್ಟೆ ಐದನೆಯ ಹಂತ, ಹೊರಡುವ ಭಾಗದ ಕೊನೆ. ಡಿಸ್ನಿಯವರು ಅದನ್ನು ಪರಾಕಾಷ್ಠೆಯಲ್ಲಿ ಇಟ್ಟರು. ಪುರಾಣದ ನೆನಪೇ ಕೆಲಸ ಮಾಡಿದ್ದರೆ ಕ್ರಮವೂ ನೆನಪಾಗಬೇಕಿತ್ತು. ಸಿನಿಮಾದ ಲೆಕ್ಕಾಚಾರಕ್ಕೆ ದೊಡ್ಡ ದೃಶ್ಯ ಕೊನೆಯಲ್ಲಿರಬೇಕು, ಅಷ್ಟೆ.

ಮಾದರಿ ಕೈಪಿಡಿಯಾಗಿ ಸ್ಟುಡಿಯೊ ಹೊಕ್ಕದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಜಾರ್ಜ್ ಲ್ಯೂಕಸ್ 1977ರ ‘ಸ್ಟಾರ್ ವಾರ್ಸ್’ಗೆ ಕ್ಯಾಂಬೆಲ್ ಓದಿನ ಋಣವಿದೆ ಎಂದು ಹೇಳಿ ಆ ಪುಸ್ತಕಕ್ಕೆ ಮರುಹುಟ್ಟು ಕೊಟ್ಟಿದ್ದರು. 1984ರಲ್ಲಿ ಮೈಕೆಲ್ ಐಸ್ನರ್, ಫ್ರ್ಯಾಂಕ್ ವೆಲ್ಸ್, ಜೆಫ್ರಿ ಕಾಟ್ಜೆನ್‌ಬರ್ಗ್ ಡಿಸ್ನಿಯ ಚುಕ್ಕಾಣಿ ಹಿಡಿದರು. ಮರುವರ್ಷ ‘ದಿ ಬ್ಲ್ಯಾಕ್ ಕಾಲ್ಡ್ರನ್’ ನೆಲಕಚ್ಚಿತು. ಸೋಜಿಗವೆಂದರೆ ಹಂದಿ ಕಾಯುವ ಹುಡುಗನೊಬ್ಬ ದುಷ್ಟ ರಾಜನನ್ನು ಎದುರಿಸಲು ಹೊರಡುವ ಆ ಕಥೆ ಕ್ಯಾಂಬೆಲ್ ಮಾದರಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ಹೊಸ ಯಜಮಾನರು ನಟರ ಚಿತ್ರಗಳ ಲೋಕದಿಂದ ಬಂದವರು. ಗೋಡೆಯ ಮೇಲಿನ ಗೀಚುಗಳಿಗಿಂತ ಬರೆದ ಚಿತ್ರಕಥೆ, ಟಿಪ್ಪಣಿ, ವರದಿಗಳ ಅಭ್ಯಾಸ ಅವರದು. ವಾಲ್ಟ್ ಬದುಕಿದ್ದಾಗ ‘ನನಗೆ ಹಿಡಿಸಲಿಲ್ಲ’ ಎಂಬ ಒಂದು ಮಾತು ಸಾಕಾಗುತ್ತಿತ್ತು. ಈಗ ಕಾರಣ ಬೇಕು, ಕಾರಣಕ್ಕೆ ಪರಿಭಾಷೆ ಬೇಕು. 1985ರಲ್ಲಿ ಡಿಸ್ನಿಯ ಕಥಾ ಸಲಹೆಗಾರ ಕ್ರಿಸ್ಟೋಫರ್ ವೋಗ್ಲರ್ ಕ್ಯಾಂಬೆಲ್ ಪುಸ್ತಕವನ್ನು 7 ಪುಟಗಳ ಟಿಪ್ಪಣಿಯಾಗಿ ಇಳಿಸಿದ್ದು ಈ ಹೊತ್ತಿನಲ್ಲಿ. 17 ಹಂತ 12 ಆಯಿತು. ದೇವಿಯ ಭೇಟಿ, ಮೋಹಿನಿಯ ಸೆಳೆತ ಮುಂತಾದವು ಹೆಸರು ಕಳೆದುಕೊಂಡವು. ‘ಸಾಮಾನ್ಯ ಲೋಕ’, ‘ಮಿತ್ರರು ಮತ್ತು ಶತ್ರುಗಳು’ ಎಂಬಂಥ ಕಚೇರಿಗೆ ಒಗ್ಗುವ ತಲೆಬರಹಗಳು ಬಂದವು. ಟಿಪ್ಪಣಿ ನಕಲಾಗಿ, ನಕಲಿನ ನಕಲಾಗಿ ಬೇರೆ ಸ್ಟುಡಿಯೊಗಳಿಗೂ ಹಬ್ಬಿತು. 1992ರಲ್ಲಿ ‘ದಿ ರೈಟರ್ಸ್ ಜರ್ನಿ’ ಎಂಬ ಪುಸ್ತಕವಾಯಿತು. ‘ದಿ ಲಯನ್ ಕಿಂಗ್’ ಕಥೆಗೂ ವೋಗ್ಲರ್ ಸಲಹೆಗಾರರಾಗಿದ್ದರು.

ಹಾಗಿದ್ದರೂ ಆ ಚಿತ್ರ ಕ್ಯಾಂಬೆಲ್ ಹೇಳಿದ ಯಾನವನ್ನು ಎಷ್ಟರಮಟ್ಟಿಗೆ ಪಾಲಿಸಿದೆ ಎಂದು ನೋಡಿದರೆ ಕುತೂಹಲದ ಸಂಗತಿಯೊಂದು ಸಿಗುತ್ತದೆ. ಕ್ಯಾಂಬೆಲ್‌ಗೆ ನಡುಭಾಗವೇ ಮುಖ್ಯ: ಪರೀಕ್ಷೆಗಳ ದಾರಿ, ಅಲ್ಲಿ ಹಳೆಯ ‘ನಾನು’ ಸಾಯುವುದು. ಸಿಂಬನಿಗೆ ಅಂಥ ದಾರಿಯೇ ಇಲ್ಲ. ಅವನ ದೇಶಾಂತರ ಒಂದು ಹಾಡಿನಲ್ಲಿ ಮುಗಿಯುತ್ತದೆ. ಹುಳ ತಿನ್ನುವುದನ್ನು ಕಲಿಯುತ್ತಾನೆ, ಅಡ್ಡಬಿದ್ದ ಮರದ ಮೇಲೆ ಗೆಳೆಯರೊಂದಿಗೆ ತಲೆಯಾಡಿಸುತ್ತ ನಡೆಯುತ್ತ ನಡೆಯುತ್ತ ಮರಿಯಿದ್ದವನು ಕೇಸರದ ಸಿಂಹವಾಗುತ್ತಾನೆ. ವರ್ಷಗಳು ಕಳೆದವು, ಕಲಿತದ್ದು ಏನೂ ಇಲ್ಲ. ವನವಾಸ ಎಂದರೆ ಪಾಶುಪತಾಸ್ತ್ರ ಗಳಿಸುವ ಕಾಲ ಎಂದು ಮಹಾಭಾರತ ಬಲ್ಲವರಿಗೆ ಗೊತ್ತು. ಈ ಚಿತ್ರದೊಂದಿಗೆ ಆಗಾಗ ಹೋಲಿಸಲಾಗುವ ಮಾಲಿ ದೇಶದ ಸುಂಜಾತ ಮಹಾಕಾವ್ಯದಲ್ಲೂ ದೇಶಭ್ರಷ್ಟ ರಾಜಕುಮಾರ ಪರರಾಜನ ಆಸ್ಥಾನದಲ್ಲಿ ಯುದ್ಧವಿದ್ಯೆ ಕಲಿತು, ಸೇನೆ ಕಟ್ಟಿಕೊಂಡು ಮರಳುತ್ತಾನೆ. ಸಿಂಬ ಮರಳುವುದು ಬರಿಗೈಯಲ್ಲಿ. ಅವನಿಗಿದ್ದ ತೊಡಕು ಬಲದ್ದಲ್ಲ, ಅಪರಾಧಪ್ರಜ್ಞೆಯದು: ತಂದೆಯ ಸಾವಿಗೆ ತಾನೇ ಕಾರಣ ಎಂದು ಚಿಕ್ಕಪ್ಪ ನಂಬಿಸಿದ್ದಾನೆ. ಮೋಡದಲ್ಲಿ ತಂದೆ ಕಾಣಿಸಿಕೊಂಡು ನೀನು ಯಾರೆಂಬುದನ್ನು ನೆನಪಿಸಿಕೋ ಎಂದಾಗ ಆ ಗಂಟು ಸಡಿಲುತ್ತದೆ, ಸ್ಕಾರ್ ಬಾಯಿಬಿಟ್ಟಾಗ ಪೂರ್ತಿ ಬಿಚ್ಚುತ್ತದೆ. ಹೊರಡುವುದು, ಮರಳುವುದು ಎಂಬ ಎರಡು ಗೂಟ ಮಾತ್ರ ಕ್ಯಾಂಬೆಲ್‌ರದು. ನಡುವೆ ಕಟ್ಟಿದ ಹಗ್ಗ ‘ಹ್ಯಾಮ್ಲೆಟ್’ ಮತ್ತು ಪುಟ್ಟ ಮಕ್ಕಳ ಭಯ ಸೇರಿ ಹೊಸೆದದ್ದು. ನನ್ನ ಮಟ್ಟಿಗೆ ಚಿತ್ರದ ಶಕ್ತಿ ಇರುವುದೂ ಅಲ್ಲೇ. ದೊಡ್ಡವರ ಸಾವಿಗೆ ತನ್ನ ತುಂಟತನವೇ ಕಾರಣವಿರಬಹುದೆಂದು ಮಗು ಹೆದರುವುದನ್ನು ಅಷ್ಟು ನೇರವಾಗಿ ತೆರೆಗೆ ತಂದ ಡಿಸ್ನಿ ಚಿತ್ರ ಇನ್ನೊಂದಿಲ್ಲ.

ಮಗುವಿನ ಮನಸ್ಸಿಗೇ ಈ ಮಾದರಿ ಸಹಜವಾದ್ದರಿಂದ ಸ್ಟುಡಿಯೊಗಳು ಅದನ್ನು ಹಿಡಿದವು ಎಂಬ ಆಕ್ಷೇಪವಿದೆ. ಇದಕ್ಕೆ ಉತ್ತರ ಜಪಾನಿನಲ್ಲಿದೆ. ಹಯಾವೊ ಮಿಯಾಝಾಕಿ ಅವರ 1988ರ ‘ಮೈ ನೇಬರ್ ತೊತೊರೊ’ದಲ್ಲಿ ಖಳನಿಲ್ಲ, ಯಾನವಿಲ್ಲ, ಗೆಲುವಿಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಮಕ್ಕಳಿಬ್ಬರು ಕಾಯುತ್ತಾರೆ. ಜಗತ್ತಿನ ಮಕ್ಕಳು ಅದನ್ನು ಮತ್ತೆ ಮತ್ತೆ ನೋಡುತ್ತಾರೆ. 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ಬೇರೊಂದು ಲೋಕ ಹೊಕ್ಕು ಬರುವುದುಂಟು, ಒಪ್ಪೋಣ. ಆದರೆ ಭಯಾನಕನಾಗಿ ಕೆಲವರನ್ನು ನುಂಗಿದ ಮುಖವಿಲ್ಲದವನು ಕೊನೆಗೆ ನಾಯಕಿ ಚಿಹಿರೊ ಪಕ್ಕದಲ್ಲಿ ಸುಮ್ಮನೆ ರೈಲಿನಲ್ಲಿ ಕೂತಿರುತ್ತಾನೆ. ಅವನನ್ನು ಯಾರೂ ಸೋಲಿಸುವುದಿಲ್ಲ. ಮಿಯಾಝಾಕಿ ಸ್ಟೋರಿಬೋರ್ಡ್ ಪೂರ್ತಿ ಮುಗಿಸುವ ಮೊದಲೇ ಅನಿಮೇಷನ್ ಆರಂಭಿಸುವವರು. ಕಥೆಯ ಕೊನೆ ಅವರಿಗೇ ಆಗಿನ್ನೂ ಗೊತ್ತಿರುವುದಿಲ್ಲ. ಸಮಿತಿಯ ಒಪ್ಪಿಗೆಗೆ ಮುಂಚಿತವಾಗಿ ಕಥೆಯ ನಕ್ಷೆ ಸಲ್ಲಿಸಬೇಕಾದ ಕಡೆ ಮಾದರಿ ಬಲವಾಯಿತು, ಒಬ್ಬರ ಕೈಯೇ ನಿರ್ಧರಿಸುವ ಕಡೆ ಸಡಿಲವಾಯಿತು. ನಮ್ಮ ಮಕ್ಕಳಿಗೂ ಬೇರೆ ಬಗೆಯ ಕಥೆ ಹೊಸದಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಏನನ್ನೂ ಹೊಸದಾಗಿ ಕಲಿಯುವುದಿಲ್ಲ, ಬದಲಾಗುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಮಾತಿನವಳು. ಬದಲಾಗುವುದು ಹುಲಿ. ಎಷ್ಟೋ ತಲೆಮಾರುಗಳ ಕನ್ನಡ ಮಕ್ಕಳು ಅತ್ತದ್ದು ಆ ಕಥೆಗೆ.

ಮಾದರಿ ಹಿಡಿದ ಚಿತ್ರಗಳೇ ಗೆಲ್ಲುತ್ತವೆ ಎಂಬ ವಾದ ಇನ್ನೂ ದುರ್ಬಲ. 2002ರ ‘ಟ್ರೆಷರ್ ಪ್ಲಾನೆಟ್’ನಲ್ಲಿ ಕರೆ, ಗುರು, ಪರೀಕ್ಷೆ, ಮರಳಿಕೆ ಎಲ್ಲವೂ ಇದ್ದವು, 14 ಕೋಟಿ ಡಾಲರ್ ಸುರಿದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 11 ಕೋಟಿಯಷ್ಟು. ಗೆದ್ದ ಚಿತ್ರಗಳನ್ನಷ್ಟೇ ಮಾದರಿಯ ಲೆಕ್ಕಕ್ಕೆ ಬರೆದು, ಬಿದ್ದವನ್ನು ‘ನಿರ್ವಹಣೆ ಸಾಲದು’ ಎಂದು ಬದಿಗಿಡುವುದು ನ್ಯಾಯವಲ್ಲ.

ಗಂಭೀರವಾಗಿ ಎದುರಿಸಬೇಕಾದ ಆಕ್ಷೇಪ ಹೆಣ್ಣಿನ ಕಡೆಯಿಂದ ಬಂದದ್ದು. ಲೇಖಕಿ ಮೌರೀನ್ ಮರ್ಡಾಕ್ ಹೆಣ್ಣಿನ ಯಾನ ಯಾವುದು ಎಂಬ ಪ್ರಶ್ನೆಯನ್ನು ಕ್ಯಾಂಬೆಲ್ ಮುಂದಿಟ್ಟಾಗ, ಗಂಡು ತಲುಪಲು ಹೊರಟಿರುವ ತಾಣವೇ ಹೆಣ್ಣು, ಅವಳಿಗೆ ಯಾನ ಬೇಕಿಲ್ಲ ಎಂಬರ್ಥದ ಉತ್ತರ ಬಂತು. ಅತೃಪ್ತರಾದ ಅವರು 1990ರಲ್ಲಿ ‘ದಿ ಹೀರೋಯಿನ್ಸ್ ಜರ್ನಿ’ ಬರೆದರು. ಆದರೆ ಈ ವಿಷಯದಲ್ಲಿ ಹೆಚ್ಚು ಮೂಲಭೂತವಾದ ಮಾತು ಆಡಿದವರು ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್. ಕನ್ನಡದ ಹೆಂಗಸರು ಹೇಳುವ ಕಥೆಗಳನ್ನು ಸಂಗ್ರಹಿಸಿದ ಅವರು, ಹೆಣ್ಣು ನಡುವೆ ನಿಂತ ಕಥೆಗಳ ರಚನೆಯೇ ಬೇರೆ ಎಂದು ತೋರಿಸಿದರು. ಗಂಡಿನ ಕಥೆ ಹೊರಟು, ಗೆದ್ದು, ಮದುವೆಯಲ್ಲಿ ಮುಗಿಯುತ್ತದೆ. ಹೆಣ್ಣಿನ ಕಥೆಗೆ ಎಷ್ಟೋ ಸಲ ಮದುವೆಯೇ ಕಷ್ಟದ ಆರಂಭ. ಹೂವಿನ ಗಿಡವಾಗಬಲ್ಲ ಹುಡುಗಿಯ ಕಥೆಯಲ್ಲಿ ಅವಳನ್ನು ಮುರಿಯುವವಳು ನಾದಿನಿ, ಅಂದರೆ ಮನೆಯೊಳಗಿನವಳೇ. ಅವಳು ಯಾವ ಹೊಸ್ತಿಲು ದಾಟಿ ಸಾಹಸಕ್ಕೆ ಹೋಗಬೇಕು? ಈ ಮಾತನ್ನು ಕಿವಿಯಲ್ಲಿಟ್ಟುಕೊಂಡು 2016ರ ‘ಮೋವಾನ’ ನೋಡಿದರೆ ಸ್ಟುಡಿಯೊ ಎಷ್ಟು ಬದಲಾಯಿತು, ಎಷ್ಟು ಬದಲಾಗಲಿಲ್ಲ ಎರಡೂ ತಿಳಿಯುತ್ತವೆ. ಸಮುದ್ರದ ಕರೆ, ತಂದೆಯ ಅಡ್ಡಿ, ಅಜ್ಜಿಯ ಸಾವು, ಸೋತು ದೇವಿಯ ಹೃದಯವಾದ ಕಲ್ಲನ್ನು ಸಮುದ್ರಕ್ಕೆ ಹಿಂದಿರುಗಿಸುವುದು, ಮತ್ತೆ ಎದ್ದು ನಿಲ್ಲುವುದು, ವೋಗ್ಲರ್ ಟಿಪ್ಪಣಿಯ ಗೆರೆ ತಪ್ಪಿಲ್ಲ. ಕೊನೆಯಲ್ಲಿ ಮಾತ್ರ ಬೆಂಕಿಯ ರಾಕ್ಷಸಿ ತೆ ಕಾ ಎಂದರೆ ಹೃದಯ ಕಳೆದುಕೊಂಡ ತೆ ಫಿಟಿ ದೇವಿಯೇ ಎಂದು ಹುಡುಗಿ ಗುರುತಿಸುತ್ತಾಳೆ. ಕೊಲ್ಲುವ ಜಾಗದಲ್ಲಿ ಗುರುತಿಸುವುದು ಬಂದಿದೆ. ಇದು ಸಣ್ಣ ಬದಲಾವಣೆಯಲ್ಲ. ಆದರೂ ಗಂಡಿಗೆಂದು ಹಾಕಿದ ದಾರಿಯಲ್ಲಿ ಹೆಣ್ಣನ್ನು ನಡೆಸಿ, ಕೊನೆಯ ತಿರುವನ್ನು ಮಾತ್ರ ಬದಲಿಸಿದಂತಾಯಿತೇ ಹೊರತು ಅವಳದೇ ಕಥೆಯ ಆಕಾರ ಇನ್ನೂ ಸಿಕ್ಕಿಲ್ಲ.

ಉಪಕರಣವೆಂದ ಮೇಲೆ ಅದನ್ನು ದೂರುವುದರಲ್ಲಿ ಅರ್ಥವಿಲ್ಲ. ಕೆಟ್ಟ ಕರಡನ್ನು ನೇರಮಾಡಲು, ಐವತ್ತು ಜನ ಒಂದೇ ವಿಷಯ ಮಾತಾಡುವಂತೆ ಮಾಡಲು ಅದು ನೆರವಾಗಿದೆ. ‘ದಿ ಲಯನ್ ಕಿಂಗ್’ ಉಳಿದದ್ದೇ ಅಂಥ ರಿಪೇರಿಯಿಂದ. ತಕರಾರು ಇರುವುದು, ರಿಪೇರಿಯ ಉಪಕರಣವನ್ನು ಸೃಷ್ಟಿಯ ಸೂತ್ರವೆಂದು ಮಾರುವುದರಲ್ಲಿ, ಮಾರಿದ್ದನ್ನು ನಂಬಿ ಸ್ಟುಡಿಯೊಗಳೇ ಕಥೆಯ ನಡುಭಾಗವನ್ನು ಯೋಚಿಸದೆ ಬಿಡುವುದರಲ್ಲಿ. 2019ರಲ್ಲಿ ಜಾನ್ ಫಾವ್ರೊ ನಿರ್ದೇಶನದಲ್ಲಿ ‘ದಿ ಲಯನ್ ಕಿಂಗ್’ ಕಂಪ್ಯೂಟರಿನಲ್ಲಿ ಮರುಹುಟ್ಟಿತು. 88 ನಿಮಿಷದ ಚಿತ್ರ 118 ನಿಮಿಷವಾಯಿತು. ಸಿಂಬನ ದೇಶಾಂತರ ಅಲ್ಲಿಯೂ ಒಂದೇ ಹಾಡಿನಲ್ಲಿ ಮುಗಿಯುತ್ತದೆ.